ನನ್ನ ಸ್ನೇಹಿತರೊಬ್ಬರ ಕ್ಲೈಂಟ್

ನಮ್ಮ ಕಸುಬಿನಲ್ಲಿ ಯಾರೂ ತಪ್ಪು ಮಾಡುವುದಿಲ್ಲ. ತಪ್ಪು ಮಾಡುವವರು ನಮ್ಮ ಸ್ನೇಹಿತರು. ನಂಬಿಕೆ ಬರದಿದ್ದರೆ ತೆರಿಗೆ ಸಲಹೆಗಾರರ ವಾರ್ಷಿಕ ಸಮ್ಮೇಳನಕ್ಕೆ ಒಮ್ಮೆ ಬಂದು ನೋಡಿ. ಊಟಕ್ಕೆ ಮುಂಚೆ ಒಂದು ಗಂಟೆ ಪ್ರಶ್ನೋತ್ತರ ಇರುತ್ತದೆ. ಮೈಕು ಕೊಟ್ಟರೆ ಒಬ್ಬೊಬ್ಬರೂ ಭಾಷಣ ಮಾಡುತ್ತಾರೆಂದು ಚೀಟಿಯಲ್ಲಿ ಬರೆದು ಕಳಿಸಬೇಕೆಂಬ ನಿಯಮ ಮಾಡಿದ್ದಾರೆ. ಚೀಟಿಯಲ್ಲಿ ಹೆಸರು ಬೇಕಿಲ್ಲ. ಆದರೂ ಎಲ್ಲ ಚೀಟಿಗಳೂ ಒಂದೇ ಮಾತಿನಿಂದ ಶುರುವಾಗುತ್ತವೆ: 'ನನ್ನ ಸ್ನೇಹಿತರೊಬ್ಬರ ಕ್ಲೈಂಟ್...'

ಎಷ್ಟೋ ವರ್ಷ ನಾನು ಹಿಂದಿನ ಸಾಲಿನಲ್ಲಿ ಕೂತು ಇದಕ್ಕೆ ನಕ್ಕಿದ್ದೇನೆ. ಗಡುವು ಮರೆತ ಸ್ನೇಹಿತ, ತಪ್ಪು ಫಾರಂ ತುಂಬಿದ ಸ್ನೇಹಿತ, ಪಾಸ್‌ವರ್ಡ್ ಕಳೆದುಕೊಂಡ ಸ್ನೇಹಿತ. ಇಷ್ಟು ದಡ್ಡ ಸ್ನೇಹಿತರನ್ನು ಇಟ್ಟುಕೊಂಡು ಈ ಜನ ಹೇಗೆ ಬದುಕುತ್ತಾರಪ್ಪಾ ಎಂದು ಪಕ್ಕದವರಿಗೆ ಹೇಳಿ ಅವರನ್ನೂ ನಗಿಸಿದ್ದೇನೆ. ನನ್ನ ಬಾಯಿ ಸ್ವಲ್ಪ ಜೋರು. ಈ ಸಲದ ಸಮ್ಮೇಳನದಲ್ಲಿ ಆ ಬಾಯಿ ಕಟ್ಟಿಹೋಯಿತು.

ಪೀಣ್ಯದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯೊಂದರ ಮೇಲೆ ನನ್ನ ಆಫೀಸು ಇದೆ. ಒಂದು ಕೋಣೆ, ಎರಡು ಕಂಪ್ಯೂಟರು, ಗೋಡೆ ತುಂಬ ಫೈಲು. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಚಿಕ್ಕಬಾಣಾವರಕ್ಕೆ ಬಂದ ಮೇಲೆ ಒಬ್ಬ ಹಿರಿಯ ಸಲಹೆಗಾರರ ಹತ್ತಿರ ಈ ಕೆಲಸ ಕಲಿತೆ. ಈಗ ಎಪ್ಪತ್ತು ಸಣ್ಣ ಕಾರ್ಖಾನೆಗಳ ತೆರಿಗೆ ಪತ್ರಗಳು ನನ್ನ ಕೈಯಲ್ಲಿವೆ. ಲೇತ್ ಇಟ್ಟವರು, ಸ್ಪ್ರಿಂಗ್ ಸುತ್ತುವವರು, ರಬ್ಬರ್ ಕತ್ತರಿಸುವವರು. ತಿಂಗಳ ಹತ್ತನೇ ತಾರೀಕಿನಿಂದ ಇಪ್ಪತ್ತರವರೆಗೆ ಇವರಿಗೆಲ್ಲ ಫೋನು ಮಾಡಿ ಬಯ್ಯುವುದು ನನ್ನ ದಿನಚರಿ. ತಾರೀಕು ನೆನಪಿಡಿ, ತಾರೀಕು ಮೀರಿದರೆ ದೇವರೂ ಕಾಪಾಡುವುದಿಲ್ಲ ಎಂದು ಹೇಳಿ ಹೇಳಿ ಗಂಟಲು ಕೆಟ್ಟಿದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುವ ಗಾದೆ ಯಾರಿಗೋ ಮಾಡಿದ್ದು ಎಂದುಕೊಂಡಿದ್ದೆ.

ನಮ್ಮ ಕೆಲಸದಲ್ಲಿ ಒಂದು ರೂಢಿಯಿದೆ. ಸರ್ಕಾರದ ಪೋರ್ಟಲ್ಲಿನಲ್ಲಿ ಕ್ಲೈಂಟಿನ ತೆರಿಗೆ ನೋಂದಣಿ ಮಾಡಿಸುವಾಗ ಅವರ ಮೊಬೈಲ್ ನಂಬರು, ಇ-ಮೇಲು ಕೇಳುತ್ತದೆ. ನಾವು ನಮ್ಮದನ್ನೇ ಕೊಟ್ಟುಬಿಡುತ್ತೇವೆ. ಇಲ್ಲದಿದ್ದರೆ ಪ್ರತಿ ಸಲ ಒಟಿಪಿಗಾಗಿ ಅವರಿಗೆ ಫೋನು ಮಾಡಬೇಕು. ಅವರು ಮಿಷನ್ ಸದ್ದಿನ ಮಧ್ಯೆ ಇರುತ್ತಾರೆ, ಕೈತುಂಬ ಗ್ರೀಸ್ ಇರುತ್ತದೆ, ಒರೆಸಿಕೊಂಡು ಆರು ಅಂಕಿ ಓದಿ ಹೇಳುವಷ್ಟರಲ್ಲಿ ಒಟಿಪಿಯ ಆಯುಷ್ಯ ಮುಗಿದಿರುತ್ತದೆ. ಹೀಗೆ ಮಾಡಬಾರದೆಂದು ಎಲ್ಲರಿಗೂ ಗೊತ್ತು. ಎಲ್ಲರೂ ಮಾಡುತ್ತಾರೆ. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಆ ಎಪ್ಪತ್ತು ಕಾರ್ಖಾನೆಗಳ ಕಣ್ಣು, ಕಿವಿ ಎಲ್ಲ ನಾನೇ. ಇಲಾಖೆ ಅವರಿಗೆ ಹೇಳಬೇಕಾದ್ದನ್ನೆಲ್ಲ ನನಗೆ ಹೇಳುತ್ತದೆ. ದಿನಕ್ಕೆ ಎಷ್ಟು ಮೇಲ್ ಬರುತ್ತಿತ್ತೆಂದರೆ, ತಲೆ ಚಿಟ್ಟುಹಿಡಿದು ಒಂದು ದಿನ ಅವೆಲ್ಲ ತಾವಾಗಿಯೇ ಬೇರೆ ಫೋಲ್ಡರಿಗೆ ಹೋಗಿ ಬೀಳುವಂತೆ ಮಾಡಿಕೊಂಡೆ. ವಾರಕ್ಕೊಮ್ಮೆ ನೋಡಿದರಾಯಿತು ಎಂದುಕೊಂಡೆ. ವಾರ ಎಂದದ್ದು ತಿಂಗಳಾಯಿತು.

ಆ ಫೋಲ್ಡರಿನಲ್ಲಿ ಮುಳುಗಿದ್ದು ಓವನ್ ಅಕ್ಕನ ಶೆಡ್ಡು.

ಪೀಣ್ಯದ ನಮ್ಮ ಕಡೆ ಆಕೆಯನ್ನು ಎಲ್ಲರೂ ಓವನ್ ಅಕ್ಕ ಎಂದೇ ಕರೆಯುತ್ತಾರೆ, ನಾನು ಬರೀ ಅಕ್ಕ ಅನ್ನುತ್ತೇನೆ. ಹತ್ತಿರದ ಹಳ್ಳಿಯ ಒಕ್ಕಲು ಮನೆತನದ ಹೆಣ್ಣುಮಗಳು. ತಗಡಿನ ಪೆಟ್ಟಿಗೆಗಳಿಗೆ ಬಣ್ಣದ ಪುಡಿ ಹೊಡೆದು ದೊಡ್ಡ ಓವನ್ನಿನಲ್ಲಿ ಬೇಯಿಸುವ ಪೌಡರ್ ಕೋಟಿಂಗ್ ಕೆಲಸವನ್ನು ಬೇರೆಯವರ ಶೆಡ್ಡಿನಲ್ಲಿ ಕೂಲಿಗೆ ಮಾಡುತ್ತಲೇ ಕಲಿತು, ಸೆಕೆಂಡ್ ಹ್ಯಾಂಡ್ ಓವನ್ ಒಂದನ್ನು ಕೊಂಡು ಸ್ವಂತ ಶೆಡ್ಡು ಮಾಡಿಕೊಂಡವರು. ಗಂಡ ಬಣ್ಣದ ಗನ್ ಹಿಡಿದರೆ ಉಳಿದ ವ್ಯವಹಾರವೆಲ್ಲ ಅಕ್ಕನದು. ವಿದ್ಯುತ್ ಬೋರ್ಡಿನ ಪೆಟ್ಟಿಗೆ ಮಾಡುವ ಒಂದು ಕಂಪನಿಯ ಕೆಲಸವೇ ಅವರ ಅನ್ನ. ಆ ಪೆಟ್ಟಿಗೆಗಳ ಬೂದು ಬಣ್ಣ ಅಕ್ಕನ ಉಗುರಿನ ಸಂದಿಯಲ್ಲಿ, ರೆಪ್ಪೆಯ ಮೇಲೆ, ಕಿವಿಯ ಹಿಂದೆ ಸದಾ ಇರುತ್ತಿತ್ತು. ಎಷ್ಟು ತೊಳೆದರೂ ಹೋಗಲ್ಲ ಮೇಡಂ, ಇದು ನಮ್ಮ ಅರಿಶಿನ ಎಂದು ನಗುತ್ತಿದ್ದರು.

ಹೋದ ವರ್ಷ ಹಳೆಯ ಶೆಡ್ಡಿನ ಮಾಲೀಕರು ಕಟ್ಟಡ ಒಡೆಸುತ್ತೇವೆಂದಾಗ ಅಕ್ಕ ಒಂದು ಕ್ರಾಸ್ ಆಚೆಗೆ ಹೊಸ ಶೆಡ್ಡು ಹಿಡಿದರು. ಪೂಜೆಗೆ ಕರೆದರು, ಹೋದೆ. ಕೋಸಂಬರಿ, ಪಾಯಸ ತಿಂದೆ. ಅಕ್ಕ ಹಸಿರು ರೇಷ್ಮೆ ಸೀರೆ ಉಟ್ಟು ಹೊಸ ಬೋರ್ಡಿನ ಕೆಳಗೆ ನಿಂತಾಗ ನನ್ನ ಫೋನಿನಲ್ಲೇ ಫೋಟೋ ತೆಗೆದೆ. ಹೊರಡುವಾಗ ಅಕ್ಕ, ಹೊಸ ವಿಳಾಸ ಸರ್ಕಾರಕ್ಕೆ ತಿಳಿಸಬೇಕಲ್ವಾ ಮೇಡಂ ಎಂದು ಕೇಳಿದರು. ತಾವೇ ನೆನಪಿಟ್ಟು ಕೇಳಿದರು. ನಾಳೆ ಬದಲಾಯಿಸ್ತೀನಿ, ಐದು ನಿಮಿಷದ ಕೆಲಸ ಎಂದೆ. ಮರೆತೆ. ಇದಕ್ಕೆ ಬೇರೆ ವಿವರಣೆ ಏನೂ ಇಲ್ಲ. ಮರೆತೆ.

ಕೆಲವು ತಿಂಗಳ ಮೇಲೆ ಇಲಾಖೆಯವರು ಹಳೆಯ ವಿಳಾಸಕ್ಕೆ ಪರಿಶೀಲನೆಗೆ ಹೋದರು. ಅಲ್ಲಿ ಒಡೆದ ಗೋಡೆ ಇತ್ತು. ಇಂಥ ವ್ಯವಹಾರವೇ ಇಲ್ಲ ಎಂದು ಬರೆದುಕೊಂಡು ನೋಟಿಸ್ ಕಳಿಸಿದರು. ಅದು ನನ್ನ ಫೋಲ್ಡರಿಗೆ ಬಂದು ಬಿತ್ತು. ಉತ್ತರವಿಲ್ಲದ್ದರಿಂದ ನೋಂದಣಿ ರದ್ದಾಯಿತು. ಆ ಆದೇಶವೂ ಅಲ್ಲಿಗೇ ಬಂದು ಬಿತ್ತು. ಮೂರು ತಿಂಗಳಿಗೊಮ್ಮೆ ಸಲ್ಲಿಸುವ ತೆರಿಗೆ ಪತ್ರ ಹಾಕಲು ಹೋದಾಗ ಪೋರ್ಟಲ್ಲಿನಲ್ಲಿ ಅಕ್ಕನ ಹೆಸರಿನ ಮುಂದೆ ಕೆಂಪು ಅಕ್ಷರದಲ್ಲಿ 'ರದ್ದು' ಎಂದು ಕಂಡಿತು.

ಮತ್ತೆ ಜೀವ ಕೊಡಿ ಎಂದು ಅರ್ಜಿ ಹಾಕಿದೆ. ಅದಕ್ಕೊಂದು ಸ್ಪಷ್ಟನೆ ಕೇಳಿದರು. ಏಳು ದಿನದ ಗಡುವು. ಆ ಪತ್ರ ಈ ಸಲ ಮೇಲ್‌ನಲ್ಲೂ ಬರಲಿಲ್ಲ, ಪೋರ್ಟಲ್ಲಿನ ಇನ್ನೊಂದು ಮೂಲೆಯ ಪುಟದಲ್ಲಿ ಕೂತಿತ್ತು. ನಾನು ಆ ಮೂಲೆ ನೋಡಲಿಲ್ಲ. ಅರ್ಜಿ ತಿರಸ್ಕಾರವಾಯಿತು. ಇನ್ನು ಮೇಲ್ಮನವಿ. ಅದಕ್ಕೆ ಮೂರು ತಿಂಗಳು, ಬೇಡಿಕೊಂಡರೆ ಇನ್ನೊಂದು ತಿಂಗಳು. ಬೇಕಾದಷ್ಟು ಸಮಯವಿತ್ತು. ಆದರೆ ಆ ಪುಟ ತೆರೆಯಲು ನನಗೆ ಭಯವಾಗುತ್ತಿತ್ತು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಇವತ್ತು ಬರೆದೇ ಬಿಡುತ್ತೇನೆ ಎಂದು ಆಫೀಸಿಗೆ ಬರುತ್ತಿದ್ದೆ. ಬಂದವಳು ಬೇರೆ ಅರವತ್ತೊಂಬತ್ತು ಜನರ ಕೆಲಸ ಮಾಡಿ ಮನೆಗೆ ಹೋಗುತ್ತಿದ್ದೆ. ಊರಿಗೆಲ್ಲ ತಾರೀಕು ಹೇಳುವವಳು ಆ ಒಂದು ತಾರೀಕನ್ನು ಕಣ್ಣೆದುರೇ ದಾಟಲು ಬಿಟ್ಟೆ. ಹೊಸ ನೋಂದಣಿಗೆ ಪ್ರಯತ್ನಿಸಿದರೆ, ಹಳೆಯದು ಇತ್ಯರ್ಥವಾಗಲಿ ಎಂದು ವಾಪಸ್ ಕಳಿಸಿದರು.

ಅಷ್ಟರಲ್ಲಿ ಕಂಪನಿಯವರು ಅಕ್ಕನಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದ್ದರು. ನಿಮ್ಮ ತೆರಿಗೆ ನಂಬರು ಕೆಂಪು ತೋರಿಸ್ತಿದೆ, ನಿಮ್ಮ ಬಿಲ್ಲು ನಮಗೆ ನಡೆಯಲ್ಲ, ಸರಿಯಾದ ಮೇಲೆ ಬನ್ನಿ ಎಂದರಂತೆ. ಅಕ್ಕ ನನ್ನ ಮೆಟ್ಟಿಲು ಹತ್ತಿ ಬಂದು ಕೇಳಿದ ದಿನ, ಹೇಳಬೇಕಾದ್ದೆಲ್ಲ ಬಾಯಿಯವರೆಗೂ ಬಂದಿತ್ತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ನಮ್ಮ ಕಸುಬಿನವರೆಲ್ಲ ಹೇಳುವ ಮಾತನ್ನೇ ಹೇಳಿದೆ.

"ಸರ್ವರ್ ಪ್ರಾಬ್ಲಂ ಅಕ್ಕ."

ಅಕ್ಕ ನಂಬಿದರು. ನಂಬದೆ ಏನು ಮಾಡಿಯಾರು, ಇಪ್ಪತ್ತು ವರ್ಷದಿಂದ ನಾನು ತೋರಿಸಿದ ಕಡೆ ಸಹಿ ಹಾಕಿದವರು. ಅಂದಿನಿಂದ ಪ್ರತಿ ಮಂಗಳವಾರ ಊರ ಮಾರಮ್ಮನ ಗುಡಿಗೆ ಹೋಗಿ, ಅಲ್ಲಿಂದ ಸೀದಾ ನನ್ನ ಆಫೀಸಿಗೆ ಬಂದು ಕುಂಕುಮ ಕೊಡುವುದು ವಾಡಿಕೆಯಾಯಿತು. ಕುಂಕುಮ ಕೊಟ್ಟು ಸರ್ವರ್ ಹೇಗಿದೆ ಎಂದು ವಿಚಾರಿಸುತ್ತಿದ್ದರು, ಕಾಯಿಲೆ ಬಿದ್ದ ನೆಂಟರನ್ನು ವಿಚಾರಿಸುವ ಹಾಗೆ. ಎದ್ದು ಹೋಗುವಾಗ, ಯಾವತ್ತಿಗೆ ಬರಲಿ ಮೇಡಂ ಎಂದು ಕೇಳುತ್ತಿದ್ದರು. ನಾನು ಒಂದು ತಾರೀಕು ಹೇಳುತ್ತಿದ್ದೆ. ಅಕ್ಕನ ಹತ್ತಿರವಿದ್ದ ಇಬ್ಬರು ಕೆಲಸದವರು ಬೇರೆ ಶೆಡ್ಡಿಗೆ ಹೋದರು. ಅಕ್ಕಪಕ್ಕದ ಮನೆಗಳ ಗೇಟು, ಕಿಟಕಿ ಸರಳು ಬಂದರೆ ಮಾತ್ರ ಓವನ್ ಹಚ್ಚುತ್ತಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಕುಂಕುಮ ಹಚ್ಚಿಕೊಂಡು ಸುಮ್ಮನಿದ್ದೆ.

ಸಮ್ಮೇಳನದ ಹಿಂದಿನ ವಾರ ಅಕ್ಕ ಬಂದಾಗ, ಮಾತಿಗೆ ಮಾತು ಬಂದು, ವೈಟ್‌ಫೀಲ್ಡಿನ ದೊಡ್ಡ ಹೋಟೆಲಿನಲ್ಲಿ ನಮ್ಮ ಸಮ್ಮೇಳನ ಇದೆ, ಜೊತೆಗೊಬ್ಬರಿಗೆ ಊಟದ ಕೂಪನ್ನೂ ಇದೆ, ನಮ್ಮ ಯಜಮಾನರು ಬರೋದೇ ಇಲ್ಲ ಅಂತಾರೆ ಎಂದು ಹರಟಿದೆ. ಯಾರು ಯಾರು ಬರುತ್ತಾರೆ ಎಂದು ಕೇಳಿದರು. ಇಲಾಖೆಯ ದೊಡ್ಡ ದೊಡ್ಡ ಆಫೀಸರುಗಳೆಲ್ಲ ಬರುತ್ತಾರೆ ಎಂದೆ. ಅಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

"ಅಂಗಾದ್ರೆ ನಾನೂ ಬತ್ತೀನಿ ಮೇಡಂ. ಈ ಸರ್ವರ್ರು ಯಾಕೆ ಇಂಗೆ ಮಾಡ್ತೈತೆ ಅಂತ ನಾನೇ ಕೇಳ್ತೀನಿ. ನೀವು ಕೇಳಿ ಕೇಳಿ ಸಾಕಾಗೈತೆ ನಿಮ್ಗೂ."

ನನ್ನ ಮಾತಿನಲ್ಲೇ ನಾನು ಸಿಕ್ಕಿಕೊಂಡಿದ್ದೆ. ಕೂಪನ್ ಇದೆ ಎಂದವಳೂ ನಾನೇ, ಆಫೀಸರು ಬರುತ್ತಾರೆ ಎಂದವಳೂ ನಾನೇ. ದೂರ ಅಕ್ಕ, ನಿಮ್ಮ ಮಂಡಿನೋವಿಗೆ ಆಗಲ್ಲ ಎಂದು ನೋಡಿದೆ. ಮೆಟ್ರೋ ಐತಲ್ಲ ಎಂದರು.

ಸಮ್ಮೇಳನದ ದಿನ ಬೆಳಿಗ್ಗೆ ಪೀಣ್ಯದ ಸ್ಟೇಷನ್ನಿನಲ್ಲಿ ಅಕ್ಕ ನನಗಿಂತ ಮೊದಲೇ ಬಂದು ನಿಂತಿದ್ದರು. ಪೂಜೆಯ ದಿನದ ಅದೇ ಹಸಿರು ರೇಷ್ಮೆ ಸೀರೆ. ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿ ವೈಟ್‌ಫೀಲ್ಡಿನ ಕಡೆ ಹೊರಟಾಗ ಜಾಗ ಸಿಕ್ಕಿತು. ಅಕ್ಕ ತೊಡೆಯ ಮೇಲೆ ಕೈ ಜೋಡಿಸಿಕೊಂಡು ಕೂತಿದ್ದರು. ಸುತ್ತ ಐಟಿ ಹುಡುಗಿಯರೆಲ್ಲ ಕಿವಿಗೆ ಏನೋ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದರು. ನಾನು ಅಕ್ಕನ ಕೈ ನೋಡಿದೆ. ಉಗುರುಗಳು ಸ್ವಚ್ಛವಾಗಿದ್ದವು. ಒಂದು ಚೂರೂ ಬೂದು ಬಣ್ಣ ಇರಲಿಲ್ಲ. ತೊಳೆದರೂ ಹೋಗುವುದಿಲ್ಲ ಎಂದಿದ್ದ ಬಣ್ಣ ಕೆಲಸ ಇಲ್ಲದೆ ತಾನೇ ಹೋಗಿತ್ತು. ಹೂಡಿ ಸ್ಟೇಷನ್ ಬರುವವರೆಗೂ ಕಿಟಕಿಯಾಚೆಗೇ ನೋಡುತ್ತಿದ್ದೆ.

ಹೋಟೆಲಿನ ಬಾಗಿಲಲ್ಲಿ ಪನ್ನೀರು ಚಿಮುಕಿಸಿ, ಕೊರಳಿಗೆ ಹೆಸರಿನ ಬಿಲ್ಲೆ ಹಾಕಿ, ಒಂದು ಚೀಲ ಕೊಟ್ಟರು. ಚೀಲದಲ್ಲಿ ಪೆನ್ನು, ಪುಸ್ತಕ, ಮತ್ತೆ ಇಡೀ ವರ್ಷದ ಗಡುವುಗಳಿಗೆಲ್ಲ ಕೆಂಪು ಸುತ್ತು ಹಾಕಿದ ಗೋಡೆ ಕ್ಯಾಲೆಂಡರು. ಅಕ್ಕ ಅದನ್ನು ಬಿಡಿಸಿ ನೋಡಿ, ನಮ್ಮ ಪಂಚಾಂಗದಲ್ಲೂ ಇಷ್ಟು ಹಬ್ಬ ಇಲ್ವಲ್ಲ ಎಂದರು. ಶೆಡ್ಡಿಗೆ ಬೇಕು ಎಂದು ಕೇಳಿದರು. ಚೀಲವನ್ನೇ ಕೊಟ್ಟೆ.

ಸಮ್ಮೇಳನದ ಮುಖ್ಯಾಂಶಗಳು ಏನೇನು ಎಂದು ಯಾರಾದರೂ ಕೇಳಿದರೆ ನಾನು ಹೇಳಬಲ್ಲದ್ದು ಇಷ್ಟೇ. ದೀಪ ಹಚ್ಚಿದರು. ಸಂಘದ ಅಧ್ಯಕ್ಷರು, ನಾವು ಸರ್ಕಾರಕ್ಕೂ ಜನರಿಗೂ ನಡುವಿನ ಸೇತುವೆ ಎಂದರು. ಇದನ್ನು ಅವರು ಪ್ರತಿ ವರ್ಷ ಹೇಳುತ್ತಾರೆ. ಬದಲಾದ ನಿಯಮಗಳ ಬಗ್ಗೆ ಒಬ್ಬರು ಪರದೆಯ ಮೇಲೆ ಪುಟದ ಮೇಲೆ ಪುಟ ತೋರಿಸಿದರು, ಇಡೀ ಸಭಾಂಗಣ ಫೋನು ಎತ್ತಿ ಫೋಟೋ ಹೊಡೆದುಕೊಂಡಿತು. ಇನ್ನೊಬ್ಬರು, ಇನ್ನು ಮುಂದೆ ನೋಟಿಸಿಗೆ ಉತ್ತರವನ್ನು ಕಂಪ್ಯೂಟರೇ ಬರೆದುಕೊಡುತ್ತದೆ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಗುತ್ತದೆ ಎಂದು ಮಾಡಿ ತೋರಿಸಿದರು. ನೋಟಿಸು ಬಂದಿದೆ ಎಂದು ಮೊದಲು ಯಾರಾದರೂ ನೋಡಬೇಕಲ್ಲಪ್ಪಾ ಎಂದು ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಅಕ್ಕ ನನ್ನ ಕಿವಿಯಲ್ಲಿ, ಇವರಲ್ಲಿ ಸರ್ವರ್ ನೋಡಿಕೊಳ್ಳುವವರು ಯಾರು ಎಂದು ಎರಡು ಸಲ ಕೇಳಿದರು. ಆಮೇಲೆ ಬರುತ್ತಾರೆ ಎಂದೆ.

ಒಳಗೊಳಗೇ ನನಗೊಂದು ಆಸೆಯಿತ್ತು. ಗಡುವು ಮೀರಿದವರಿಗೆ ಸರ್ಕಾರ ಆಗೊಮ್ಮೆ ಈಗೊಮ್ಮೆ ಒಂದು ಬಾಗಿಲು ತೆರೆಯುವುದುಂಟು. ಈ ಸಲ ಅಂಥದ್ದೇನಾದರೂ ಬರುತ್ತದೆಂದು ಇಲ್ಲಿ ಯಾರಾದರೂ ಹೇಳಿಯಾರು ಎಂದು ಕಿವಿ ತೆರೆದು ಕೂತಿದ್ದೆ. ಯಾರೂ ಹೇಳಲಿಲ್ಲ. ಕಾಫಿ ಬಿಡುವಿನಲ್ಲಿ ಅಕ್ಕ ಕೈ ತೊಳೆಯಲು ಹೋದಾಗ, ನನಗೆ ಕೆಲಸ ಕಲಿಸಿದ ಆ ಹಿರಿಯ ಸಲಹೆಗಾರರು ಸಿಕ್ಕರು. ಸಾರ್, ನನ್ನ ಸ್ನೇಹಿತರೊಬ್ಬರ ಕ್ಲೈಂಟ್ ಎಂದು ಶುರುಮಾಡಿದೆ. ಅವರು ಕಪ್ಪನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಪೂರ್ತಿ ಕೇಳಿಸಿಕೊಂಡು, ನನಗೂ ಅಂಥ ಒಬ್ಬ ಸ್ನೇಹಿತ ಇದಾನಮ್ಮ, ಎರಡು ವರ್ಷದಿಂದ ನಿದ್ದೆ ಮಾಡಿಲ್ಲ ಅವನು ಎಂದಷ್ಟೇ ಹೇಳಿ ಬಿಸ್ಕತ್ತು ತೆಗೆದುಕೊಳ್ಳಲು ಹೋದರು.

ಪ್ರಶ್ನೋತ್ತರಕ್ಕೆ ಬಂದವರು ನಿವೃತ್ತರಾದ ಒಬ್ಬ ದೊಡ್ಡ ಅಧಿಕಾರಿ. ತೆಳ್ಳಗೆ, ಬಿಳಿ ಷರಟು, ನಗುವಿಲ್ಲದ ಮುಖ. ಅವರು ವೇದಿಕೆ ಹತ್ತಿದ್ದೇ ತಡ ಅಕ್ಕ ಎದ್ದು ನಿಂತರು. ನಾನು ಸೀರೆಯ ಸೆರಗು ಹಿಡಿದು ಕೂರಿಸಿದೆ. ಹಾಗೆಲ್ಲ ಕೇಳೋ ಹಾಗಿಲ್ಲ ಅಕ್ಕ, ಚೀಟಿ ಬರೆಯಬೇಕು ಎಂದೆ. ಸಮಿತಿಯ ಹೆಂಗಸೊಬ್ಬರು ಚೀಟಿ ಹಂಚುತ್ತ ಬಂದು ಅಕ್ಕನ ಕೈಗೂ ಒಂದು ಕೊಟ್ಟರು. ಅಕ್ಕ ಅದನ್ನು ನನ್ನ ಕಡೆ ಚಾಚಿದರು.

"ಕನ್ನಡಕ ಶೆಡ್ನಾಗೇ ಬಿಟ್ ಬಂದಿವ್ನಿ. ನೀವೇ ಬರೀರಿ ಮೇಡಂ. ಸರ್ವರ್ ಯಾವಾಗ ಸರಿಯಾಯ್ತದೆ, ನಮ್ಮ ಓವನ್ ತಣ್ಣಗೆ ಬಿದ್ದೈತೆ, ಬ್ಯಾಗ ಮಾಡ್ಕೊಡಿ ಅಂತ ಬರೀರಿ."

ಪೆನ್ನಿನ ಮುಚ್ಚಳ ತೆಗೆದೆ. ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದರು. ಸರ್ವರ್ ಎಂದು ಬರೆದರೆ ಆ ಅಧಿಕಾರಿ ಸಭೆಯೆದುರೇ, ಸರ್ವರ್ ಚೆನ್ನಾಗಿದೆಯಲ್ಲ, ಯಾರು ಹಾಗಂದವರು ಎಂದಾರು. ಬರೆಯದಿದ್ದರೆ ಅಕ್ಕ ಸುಮ್ಮನಿರುವವರಲ್ಲ. ಅವರು ಹೇಳಿದ್ದನ್ನು ಬಿಟ್ಟು, ನಾನು ಇಷ್ಟು ತಿಂಗಳಿಂದ ಯಾರನ್ನೂ ಕೇಳಲಾಗದೆ ಇಟ್ಟುಕೊಂಡಿದ್ದನ್ನು ಬರೆದೆ: 'ನನ್ನ ಸ್ನೇಹಿತರೊಬ್ಬರ ಕ್ಲೈಂಟ್ ಶೆಡ್ಡನ್ನು ಒಂದು ಕ್ರಾಸ್ ಆಚೆಗೆ ಬದಲಾಯಿಸಿದರು. ತಿಳಿಸಿಯೂ ಇದ್ದರು. ಸ್ನೇಹಿತರು ವಿಳಾಸ ತಿದ್ದಲು ಮರೆತರು. ನೋಂದಣಿ ರದ್ದಾಗಿದೆ. ಮೇಲ್ಮನವಿಯ ಗಡುವೂ ಮುಗಿದಿದೆ. ಕೆಲಸ ನಿಂತಿದೆ. ಏನು ಮಾಡಬಹುದು?' ಮಡಚಿ ಕೊಟ್ಟೆ. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡು ಸಮಿತಿಯ ಹೆಂಗಸಿನ ಕೈಗೆ ಹಾಕಿದರು.

ಆ ಗಡಿಬಿಡಿಯಲ್ಲಿ ಒಂದು ವಿಷಯ ನನಗೆ ಹೊಳೆಯಲಿಲ್ಲ. ಆ ಸಭೆಯಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಬೆಳಗಿನಿಂದ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡಿದ್ದರು, ಅಕ್ಕನಿಗೆ ಒಂದಕ್ಷರ ಅರ್ಥವಾಗಿರಲಿಲ್ಲ, ಅದೇ ನನ್ನ ಧೈರ್ಯವಾಗಿತ್ತು. ಅಕ್ಕ ಕನ್ನಡದಲ್ಲಿ ಹೇಳುತ್ತಾ ಹೋದದ್ದರಿಂದ ನನ್ನ ಕೈಯೂ ಕನ್ನಡದಲ್ಲೇ ಬರೆದಿತ್ತು.

ಅಧಿಕಾರಿ ಒಂದೊಂದೇ ಚೀಟಿ ಬಿಡಿಸಿ ಓದಿದರು. ಸ್ನೇಹಿತರ ಕ್ಲೈಂಟ್, ಸ್ನೇಹಿತರ ಕ್ಲೈಂಟ್. ಐದಾರು ಚೀಟಿಯಾದ ಮೇಲೆ, ನಿಮಗೆಲ್ಲ ಒಬ್ಬನೇ ಸ್ನೇಹಿತ ಇರುವ ಹಾಗಿದೆ, ಅವನನ್ನು ಕರೆಸಬೇಕಿತ್ತು ಎಂದರು. ಸಭೆ ನಕ್ಕಿತು. ಆಮೇಲೆ ಇನ್ನೊಂದು ಚೀಟಿ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು, ಸ್ವಚ್ಛ ಕನ್ನಡದಲ್ಲಿ ನಿಧಾನವಾಗಿ ಓದಿದರು. ಶೆಡ್ಡು ಎಂದರು. ಒಂದು ಕ್ರಾಸ್ ಆಚೆಗೆ ಎಂದರು. ಮರೆತರು ಎಂದರು. ನಾನು ಕೆಳಗೆ ನೆಲಹಾಸಿನ ಹೂವುಗಳನ್ನು ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ಹೆಗಲವರೆಗೂ ಹೋಗಲಿಲ್ಲ ಅಷ್ಟೆ.

ಉತ್ತರವನ್ನೂ ಅವರು ಕನ್ನಡದಲ್ಲೇ ಕೊಟ್ಟರು.

"ಇದಕ್ಕೆ ಇಲಾಖೆಯಲ್ಲಿ ದಾರಿ ಇಲ್ಲ. ಹೈಕೋರ್ಟಿಗೆ ಹೋಗಬೇಕು. ಅಲ್ಲೂ ಆಗುತ್ತೆ ಅಂತ ನಾನು ಹೇಳಲಾರೆ. ಹೋಗಬೇಕಾದರೆ ಕ್ಲೈಂಟು ವಕಾಲತ್ತಿಗೆ ಸಹಿ ಹಾಕಬೇಕು, ಸಹಿ ಹಾಕಬೇಕಾದರೆ ಅವರಿಗೆ ವಿಷಯ ಗೊತ್ತಿರಬೇಕು. ನಿಮ್ಮ ಸ್ನೇಹಿತರು ಅವರಿಗೆ ಹೇಳಿದಾರಾ?"

ಸಭೆಯ ಮೇಲೆ ಒಂದು ಸಲ ಕಣ್ಣಾಡಿಸಿದರು. ಹೇಳಿರಲ್ಲ ಬಿಡಿ ಎಂದು ಮುಂದಿನ ಚೀಟಿ ಎತ್ತಿಕೊಂಡರು.

ನಾನು ಪಕ್ಕಕ್ಕೆ ತಿರುಗಲಿಲ್ಲ. ಅಕ್ಕ ಅಲುಗಾಡದೆ ಕೂತಿದ್ದರು. ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುವುದು, ಬಿಚ್ಚುವುದು ಮಾಡುತ್ತಿದ್ದದ್ದು ಮಾತ್ರ ಕಣ್ಣಂಚಿನಲ್ಲಿ ಕಾಣುತ್ತಿತ್ತು. ಉಳಿದ ಚೀಟಿಗಳು ಮುಗಿದವು, ಚಪ್ಪಾಳೆಯಾಯಿತು, ಎಲ್ಲರೂ ಊಟಕ್ಕೆ ಎದ್ದರು.

ಊಟದ ಸಾಲಿನಲ್ಲಿ ಅಕ್ಕ ಒಂದೇ ಮಾತು ಕೇಳಿದರು. ನಮ್ಮ ಚೀಟಿ ಓದಲೇ ಇಲ್ಲವಲ್ಲ ಎಂದರು. ಇಲ್ಲ ಅಕ್ಕ, ತುಂಬ ಚೀಟಿ ಇತ್ತು ಎಂದೆ. ಅಷ್ಟು ಕೇಳಿದ ಮೇಲೂ ಸುಳ್ಳೇ ಬಾಯಿಗೆ ಬಂತು, ನೋಡಿ. ಅಕ್ಕ ತಟ್ಟೆಗೆ ಸ್ವಲ್ಪ ಮೊಸರನ್ನ ಹಾಕಿಕೊಂಡು ನನ್ನ ತಟ್ಟೆಗೆ ಹೋಳಿಗೆ ಹಾಕಿದರು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು ಎಂದರು. ನಾನು ಆ ಹೋಳಿಗೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟೆ. ಮಧ್ಯಾಹ್ನದ ಗೋಷ್ಠಿಗೆ ನಿಲ್ಲಲಿಲ್ಲ.

ಹಿಂದಿರುಗುವಾಗ ಗಾಡಿ ಅರ್ಧ ಖಾಲಿ ಇತ್ತು. ಮೆಜೆಸ್ಟಿಕ್ಕಿನಲ್ಲಿ ಇಳಿದು ಹಸಿರು ಮಾರ್ಗದ ಗಾಡಿ ಹತ್ತಿದೆವು. ಯಶವಂತಪುರದ ಹತ್ತಿರ ಅಕ್ಕ, ಎದುರಿನ ಕಿಟಕಿಯನ್ನೇ ನೋಡುತ್ತ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಶುರುಮಾಡಿದರು.

"ಆ ನಿಮ್ಮ ಸ್ನೇಯಿತ್ರಿಗೆ ಯೇಳಿ ಮೇಡಂ, ಆ ಹೆಂಗಸು ಬೈಯಾಕಿಲ್ಲ ಅಂತ. ಬೈದ್ರೆ ಓವನ್ ಬಿಸಿಯಾಯ್ತದಾ?"

ಚೀಟಿಯಲ್ಲಿ ಹೆಂಗಸು ಎಂದು ನಾನು ಬರೆದಿರಲಿಲ್ಲ. ಓವನ್ ಎಂದೂ ಬರೆದಿರಲಿಲ್ಲ.

"ಮರ್ತ್ರು ಅಂದ್ರೆ ಮರ್ತ್ರು, ಮನುಷ್ಯರಲ್ವಾ. ಆದ್ರೆ ಸರ್ವರ್ರು ಅಂತ ಯೇಳ್ಬಾರ್ದಿತ್ತು. ನಾನು ಮಾರಮ್ಮಂಗೆ ನಲವತ್ತೆಂಟು ಮಂಗಳವಾರ ನಿಂಬೆಹಣ್ಣಿನ ದೀಪ ಹಚ್ತೀನಿ ಅಂತ ಹರಕೆ ಹೊತ್ತಿವ್ನಿ. ತಾಯಿ, ಆ ಸರ್ವರ್ ಸರಿ ಮಾಡವ್ವ ಅಂತ. ಅದು ಏನು ಅಂತ ನಂಗೆ ಗೊತ್ತಿಲ್ಲ, ಆಯಮ್ಮಂಗಾದ್ರೂ ಗೊತ್ತಿರ್ತದೆ ಅಂದ್ಕೊಂಡಿದ್ದೆ."

ಆ ಕುಂಕುಮ ಯಾವ ಹರಕೆಯದು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಮಂಡಿನೋವಿಗೆ ಇರಬೇಕು ಎಂದುಕೊಂಡು ಪ್ರತಿ ಮಂಗಳವಾರ ಹಣೆಗೆ ಹಚ್ಚಿಕೊಂಡಿದ್ದೆ. ನನ್ನ ಸುಳ್ಳಿಗೆ ಆಕೆ ದೀಪ ಹಚ್ಚುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಗಾಡಿಯಲ್ಲಿದ್ದವರು ನೋಡಿದರೆ ನೋಡಲಿ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಸ್ನೇಹಿತರಲ್ಲ ಅಕ್ಕ, ನಾನೇ ಎಂದೆ. ಎರಡು ಸಲ ಎಂದೆ. ಅಕ್ಕ ನನ್ನ ಬೆನ್ನ ಮೇಲೆ ಕೈ ಇಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ದೂರವೂ ಸರಿಯಲಿಲ್ಲ.

ಪೀಣ್ಯದಲ್ಲಿ ಇಳಿದು ಮೆಟ್ಟಿಲ ಬುಡಕ್ಕೆ ಬಂದೆವು. ಹೈಕೋರ್ಟು, ವಕೀಲರು, ವಕಾಲತ್ತು ಎಂದು ನಾನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ. ಖರ್ಚೆಲ್ಲ ನನ್ನದು ಎಂದೆ. ಪೂಜೆಯ ದಿನದ ಫೋಟೋ ನನ್ನ ಫೋನಿನಲ್ಲೇ ಇದೆ, ಹೊಸ ಶೆಡ್ಡಿಗೆ ಅದೇ ಸಾಕ್ಷಿ ಎಂದೆ. ಆಗುತ್ತದೆ ಎಂದು ಮಾತ್ರ ಹೇಳಲಿಲ್ಲ. ಹೇಳುವಂತಿರಲಿಲ್ಲ. ಅಕ್ಕ ಎಲ್ಲ ಕೇಳಿಸಿಕೊಂಡು, ಸಹಿ ಎಲ್ಲಿ ಹಾಕಬೇಕೋ ತೋರಿಸಿ, ಹಾಕುತ್ತೇನೆ ಎಂದರು. ಯಾವತ್ತಿನಂತೆ ಯಾವತ್ತಿಗೆ ಬರಲಿ ಎಂದು ಕೇಳುತ್ತಾರೆಂದು ನಾನು ಕಾಯುತ್ತಿದ್ದೆ. ಅದನ್ನು ಕೇಳಲಿಲ್ಲ. ಚೀಲವನ್ನು ಹೆಗಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು.

"ಹರಕೆ ಇನ್ನೂ ಮುಗ್ದಿಲ್ಲ ಮೇಡಂ, ದೀಪ ಬಿಡಾಂಗಿಲ್ಲ. ಇನ್ಮ್ಯಾಕೆ ಏನು ಅಂತ ಬೇಡ್ಕೊಳ್ಳಲಿ, ಅದನ್ನ ಯೇಳಿ."

ಅದು ಚುಚ್ಚುಮಾತಲ್ಲ. ನಿಜವಾಗಿಯೇ ಕೇಳುತ್ತಿದ್ದರು, ಫಾರಂ ಮುಂದಿಟ್ಟಾಗ ಇಲ್ಲಿ ಏನು ಬರೆಯಬೇಕು ಎಂದು ಕೇಳುತ್ತಿದ್ದರಲ್ಲ, ಹಾಗೆ. ಇಪ್ಪತ್ತು ವರ್ಷದಿಂದ ಆಕೆಯ ಅರ್ಜಿಗಳನ್ನೆಲ್ಲ ಬರೆದವಳು ನಾನು. ಈ ಒಂದರಲ್ಲಿ ಏನು ಬರೆಯಬೇಕೆಂದು ನನಗೆ ತಿಳಿಯಲಿಲ್ಲ.